ಅಪ್‌ಗ್ರೇಡ್ ಮಾಡಿದ ಏರ್‌ಸಾಫ್ಟ್ ರೈಫಲ್ ಕೈಕೊಟ್ಟಾಗ: ಗೇರ್‌ಬಾಕ್ಸ್ ಒಳಗಿನ ದೋಷ ಹುಡುಕುವ ಬಗೆ

ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಏರ್‌ಸಾಫ್ಟ್ ರೈಫಲ್‌ಗೆ ಹೊಸ ಸ್ಪ್ರಿಂಗ್ ಹಾಕಿದ್ದೀರಿ. ಮೋಟಾರ್ ಬದಲಾಯಿಸಿದ್ದೀರಿ. 7.4 ವೋಲ್ಟ್ ಬ್ಯಾಟರಿ ಬಿಟ್ಟು 11.1 ವೋಲ್ಟ್ ಲಿಪೋಗೆ (ಲಿಥಿಯಂ ಪಾಲಿಮರ್ ಬ್ಯಾಟರಿಗೆ) ಬಂದಿದ್ದೀರಿ. ಒಂದೆರಡು ಮ್ಯಾಗಜಿನ್ ಚೆನ್ನಾಗಿಯೇ ಓಡಿತು. ಆಮೇಲೆ ಟ್ರಿಗರ್ ಒತ್ತಿದರೆ ಕರಕರ ಸದ್ದು, ಇಲ್ಲವೇ ಒಂದು ಸಲ ಟಕ್ ಎಂದು ಪೂರ್ತಿ ಸುಮ್ಮನಾಗುತ್ತದೆ. ಆಗ ಎಲ್ಲರಿಗೂ ಮೊದಲು ಅನುಮಾನ ಬರುವುದು ಹೊಸದಾಗಿ ಹಾಕಿದ ಭಾಗದ ಮೇಲೆಯೇ, ಅಲ್ವಾ?

ಗೇರ್‌ಬಾಕ್ಸ್ ವಿಷಯದಲ್ಲಿ ಆ ಅನುಮಾನ ಹೆಚ್ಚಾಗಿ ದಾರಿ ತಪ್ಪಿಸುತ್ತದೆ. ಗಟ್ಟಿ ಸ್ಪ್ರಿಂಗ್ ತಾನು ಮುರಿಯುವುದಿಲ್ಲ, ಪಿಸ್ಟನ್ ಹಲ್ಲು ಕೀಳುತ್ತದೆ. ವೇಗದ ಮೋಟಾರ್ ಸುಡುವುದಕ್ಕೆ ಮುಂಚೆ ಟ್ರಿಗರ್ ಕಾಂಟ್ಯಾಕ್ಟ್ ಸುಡುತ್ತದೆ. ಉದ್ದದ ಬ್ಯಾರೆಲ್ ಹಾಕಿದರೆ ಸಿಲಿಂಡರಿನ ಗಾಳಿ ಸಾಲದೆ ಬರುತ್ತದೆ. ಒಂದು ಭಾಗವನ್ನು ಬಲಪಡಿಸಿದರೆ ಅದರ ಹೊರೆ ಪಕ್ಕದ ಹಳೆಯ ಭಾಗದ ಮೇಲೆ ಬೀಳುತ್ತದೆ. ಹಾಗಾಗಿ ದೋಷ ಹುಡುಕಲು ಕೂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾನು ಏನು ಬದಲಾಯಿಸಿದೆ, ಅದರ ಭಾರ ಈಗ ಯಾರ ಮೇಲಿದೆ? ಈ ಲೇಖನ ಪೂರ್ತಿ ಅದೇ ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತದೆ.

ಇಲ್ಲಿ ಹೇಳುವುದೆಲ್ಲ ಬ್ಯಾಟರಿಯಿಂದ ಓಡುವ ರೈಫಲ್‌ಗೆ, ಅಂದರೆ ಎಇಜಿಗೆ ಸಂಬಂಧಿಸಿದ್ದು. ಟೋಕಿಯೊ ಮಾರುಯಿ ಕಂಪನಿ 1991ರಲ್ಲಿ ಫಾಮಾಸ್ ಮಾದರಿಯನ್ನು ತಂದ ಮೇಲೆ ಇವುಗಳ ಒಳಗಿನ ಮೂಲ ವ್ಯವಸ್ಥೆ ಹೆಚ್ಚು ಬದಲಾಗಿಲ್ಲ. ಎಂ4ನಲ್ಲಿ ಬರುವ ವರ್ಷನ್ 2 ಗೇರ್‌ಬಾಕ್ಸ್ ಆಗಲಿ, ಎಕೆಯಲ್ಲಿ ಬರುವ ವರ್ಷನ್ 3 ಆಗಲಿ, ಕವಚದ ಆಕಾರ ಬೇರೆ, ಒಳಗಿನ ಕೆಲಸ ಒಂದೇ.

ಒಂದು ಗುಂಡು ಹಾರುವಷ್ಟರಲ್ಲಿ ಏನಾಗುತ್ತದೆ

ಇದು ತಲೆಯಲ್ಲಿ ಕೂತರೆ ಅರ್ಧ ದೋಷ ತೆರೆಯದೆಯೇ ಗೊತ್ತಾಗುತ್ತದೆ.

ಮೋಟಾರಿನ ತುದಿಯ ಪಿನಿಯನ್ ಬೆವೆಲ್ ಗೇರನ್ನು ತಿರುಗಿಸುತ್ತದೆ. ಬೆವೆಲ್ ಸ್ಪರ್ ಗೇರನ್ನು, ಸ್ಪರ್ ಸೆಕ್ಟರ್ ಗೇರನ್ನು ತಿರುಗಿಸುತ್ತವೆ. ಸೆಕ್ಟರ್‌ನ ಸುತ್ತಲೂ ಹಲ್ಲು ಇರುವುದಿಲ್ಲ, ಸುಮಾರು ಅರ್ಧ ಭಾಗಕ್ಕೆ ಮಾತ್ರ. ಆ ಹಲ್ಲುಗಳು ಪಿಸ್ಟನ್ ಅನ್ನು ಹಿಂದಕ್ಕೆ ಎಳೆದು ಸ್ಪ್ರಿಂಗ್ ಅದುಮುತ್ತವೆ. ಕೊನೆಯ ಹಲ್ಲು ದಾಟಿದ ಕೂಡಲೇ ಪಿಸ್ಟನ್ ಮುಂದಕ್ಕೆ ನುಗ್ಗಿ, ಸಿಲಿಂಡರಿನ ಗಾಳಿಯನ್ನು ನಾಜಲ್ ಮೂಲಕ ಗುಂಡಿನ ಹಿಂದೆ ತಳ್ಳುತ್ತದೆ. ಇದರ ನಡುವೆಯೇ ಸೆಕ್ಟರ್ ಮೇಲಿರುವ ಸಣ್ಣ ಗೂಟ, ನಾಜಲ್ ಅನ್ನು ಹಿಡಿದಿರುವ ಟ್ಯಾಪೆಟ್ ಪ್ಲೇಟನ್ನು ಹಿಂದಕ್ಕೆ ಎಳೆಯುತ್ತದೆ. ನಾಜಲ್ ಹಿಂದೆ ಸರಿದಾಗ ಮ್ಯಾಗಜಿನ್‌ನಿಂದ ಗುಂಡು ಮೇಲೆ ಬರುತ್ತದೆ. ಪಿಸ್ಟನ್ ಬಿಡುಗಡೆ ಆಗುವ ಮುಂಚೆ ನಾಜಲ್ ಮತ್ತೆ ಮುಂದೆ ಹೋಗಿ ಗುಂಡನ್ನು ಹಾಪ್-ಅಪ್ ರಬ್ಬರಿನೊಳಗೆ (ಹಾರುವ ಗುಂಡಿಗೆ ಹಿಮ್ಮುಖ ಸುತ್ತು ಕೊಡುವ ರಬ್ಬರ್ ಇದು) ಕೂರಿಸಿರಬೇಕು. ಸೆಮಿಯಲ್ಲಿ, ಅಂದರೆ ಒಂದು ಸಲ ಒತ್ತಿದರೆ ಒಂದೇ ಗುಂಡು ಹೋಗುವಂತೆ ಇದ್ದರೆ, ಕೊನೆಗೆ ಕಟ್-ಆಫ್ ಲಿವರ್ ಎದ್ದು ಟ್ರಿಗರ್ ಸಂಪರ್ಕ ಕಡಿಯುತ್ತದೆ.

ಸೆಕೆಂಡಿಗೆ 20 ಗುಂಡು ಹೊಡೆಯುವ ರೈಫಲ್‌ನಲ್ಲಿ ಇದಿಷ್ಟೂ 50 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. 18:1 ಗೇರ್ ಇದ್ದರೆ ಅಷ್ಟರಲ್ಲಿ ಮೋಟಾರ್ 18 ಸುತ್ತು ಹಾಕಿರುತ್ತದೆ. ಅಂದರೆ ನಿಮಿಷಕ್ಕೆ 21,600 ಸುತ್ತು. ಈ ವೇಗದಲ್ಲಿ ಕೂದಲೆಳೆಯಷ್ಟು ಓರೆಯಾದ ಗೇರ್ ಕೂಡ ಬೇಗ ತನ್ನ ಪಕ್ಕದ್ದನ್ನು ತಿಂದುಹಾಕುತ್ತದೆ.

ತೆರೆಯುವ ಮುಂಚೆ

ಮೊದಲ ಕೆಲಸ ಮ್ಯಾಗಜಿನ್ ತೆಗೆಯುವುದು. ಆಮೇಲೆ ಬ್ಯಾರೆಲ್ ಅನ್ನು ಖಾಲಿ ಜಾಗಕ್ಕೆ ತಿರುಗಿಸಿ, ರೈಫಲ್ ಓಡುವ ಸ್ಥಿತಿಯಲ್ಲಿದ್ದರೆ ಸೆಮಿಯಲ್ಲಿ ಎರಡು ಸಲ ಹೊಡೆಯಿರಿ. ಒಳಗೆ ಉಳಿದ ಗುಂಡು ಹೊರಗೆ ಬರುತ್ತದೆ, ಸ್ಪ್ರಿಂಗ್ ಕೂಡ ಸಡಿಲಾಗುತ್ತದೆ. ಬಳಿಕ ಬ್ಯಾಟರಿ ಕಳಚಿ. ಕೆಲಸ ಮುಗಿಯುವವರೆಗೆ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಎಂ110 ಸ್ಪ್ರಿಂಗ್ (ಎಂ ಪಕ್ಕದ ಸಂಖ್ಯೆ ಹೆಚ್ಚಿದಷ್ಟೂ ಸ್ಪ್ರಿಂಗ್ ಗಟ್ಟಿ) ಬಿಡಿಸಿಕೊಂಡು ಹಾರಿದರೆ ಕಣ್ಣಿಗೆ ಆಗುವ ಗಾಯ ವಾಸಿಯಾಗದಿರಬಹುದು. ಈ ಒಂದು ವಿಷಯದಲ್ಲಿ ದಯವಿಟ್ಟು ಉದಾಸೀನ ಬೇಡ.

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆದ ಲಿಪೋ ಒಂದು ಸೆಲ್‌ಗೆ 4.2 ವೋಲ್ಟ್ ತೋರಿಸಬೇಕು. ಹಾಗಾದರೆ 7.4ರ ಬ್ಯಾಟರಿಗೆ 8.4, 11.1ರದ್ದಕ್ಕೆ 12.6. ಒಂದು ಸೆಲ್ ಉಳಿದವುಗಳಿಗಿಂತ ತುಂಬಾ ಕೆಳಗಿದ್ದರೆ ಆ ಬ್ಯಾಟರಿಯನ್ನು ಪಕ್ಕಕ್ಕಿಡಿ. ವೋಲ್ಟೇಜ್ ಸರಿಯಿದ್ದರೂ ಕರೆಂಟ್ ಸಾಲದಿರಬಹುದು. 1500 ಎಂಎಎಚ್, 20ಸಿ ಎಂದು ಬರೆದಿದ್ದರೆ ಅದು ಕೊಡಬಲ್ಲದು 1.5 ಗುಣಿಸು 20, ಅಂದರೆ 30 ಆಂಪಿಯರ್. ಗಟ್ಟಿ ಸ್ಪ್ರಿಂಗನ್ನು ನಿಂತಲ್ಲಿಂದ ಎಳೆಯುವಾಗ ಮೋಟಾರ್ ಒಂದು ಕ್ಷಣ ತುಂಬಾ ಕರೆಂಟ್ ಕೇಳುತ್ತದೆ. ಸಣ್ಣ ಬ್ಯಾಟರಿ ಅಲ್ಲಿಯೇ ಸೋಲುತ್ತದೆ. ಇನ್ನೊಂದು ಒಳ್ಳೆಯ ಬ್ಯಾಟರಿ ಹಾಕಿ ನೋಡುವುದು ಎರಡು ನಿಮಿಷದ ಕೆಲಸ, ಗೇರ್‌ಬಾಕ್ಸ್ ಬಿಚ್ಚುವುದು ಒಂದು ಸಂಜೆಯ ಕೆಲಸ.

ಹಾಗೆಯೇ ಕನೆಕ್ಟರ್ ಮುಟ್ಟಿ ನೋಡಿ. ಒಂದು ಸಣ್ಣ ಬರ್ಸ್ಟ್, ಅಂದರೆ ಸಾಲಾಗಿ ಕೆಲವು ಗುಂಡು, ಹೊಡೆದ ಮೇಲೆ ಅದು ಬಿಸಿಯಾಗಿದ್ದರೆ ಕರೆಂಟ್ ಅಲ್ಲೇ ವ್ಯರ್ಥವಾಗುತ್ತಿದೆ. ಹಳೆಯ ಮಿನಿ ಟಾಮಿಯಾ ಕನೆಕ್ಟರ್ ಅಪ್‌ಗ್ರೇಡ್ ಮಾಡಿದ ಮೋಟಾರಿಗೆ ಸಾಲುವುದಿಲ್ಲ. ಡೀನ್ಸ್ ಎಂದು ಕರೆಯುವ ಟಿ ಆಕಾರದ ಕನೆಕ್ಟರ್ ಹಾಕಿಸಿ.

ಸದ್ದು ಕೇಳುವುದು ಕಲಿಯಿರಿ

ಗೇರ್‌ಬಾಕ್ಸ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಕಿವಿ ಕೊಡಬೇಕಷ್ಟೆ.

ತೆಳ್ಳಗಿನ, ಏರುದನಿಯ ಕೀರಲು ಸದ್ದು ಬಂದರೆ ಹೆಚ್ಚಾಗಿ ಪಿನಿಯನ್ ಬೆವೆಲ್ ಗೇರಿಗೆ ಬಿಗಿಯಾಗಿ ಒತ್ತುತ್ತಿದೆ. ಜೊತೆಗೆ ಮೋಟಾರ್ ಬೇಗ ಬಿಸಿಯಾಗುತ್ತದೆ, ವೇಗವೂ ಕುಗ್ಗಿರುತ್ತದೆ. ಒರಟಾಗಿ, ಹಲ್ಲು ಕಡಿದಂತೆ ಕೇಳಿದರೆ ಪಿನಿಯನ್ ದೂರ ಇದೆ, ಹಲ್ಲಿನ ತುದಿಗಳು ಮಾತ್ರ ತಾಗುತ್ತಿವೆ. ಎರಡಕ್ಕೂ ಮೊದಲ ಮದ್ದು ಹಿಡಿಕೆಯ ಕೆಳಗಿನ ಸ್ಕ್ರೂ. ಅದು ಮೋಟಾರಿನ ಎತ್ತರವನ್ನು ಹೊಂದಿಸುತ್ತದೆ. ಸದ್ದು ಬಿಗಿಯಾಗುವವರೆಗೆ ಒಳಕ್ಕೆ ತಿರುಗಿಸಿ. ಆಮೇಲೆ ಕಾಲು ಸುತ್ತು ಹೊರಕ್ಕೆ ತೆಗೆಯುತ್ತಾ, ಪ್ರತಿ ಸಲ ಒಂದು ಚಿಕ್ಕ ಬರ್ಸ್ಟ್ ಹೊಡೆದು ಕೇಳಿ. ಎಲ್ಲಕ್ಕಿಂತ ಕಡಿಮೆ ಸದ್ದು ಎಲ್ಲಿ ಬರುತ್ತದೋ ಅಲ್ಲಿ ಬಿಡಿ. ಎಷ್ಟು ತಿರುಗಿಸಿದರೂ ಸದ್ದು ಸರಿಹೋಗದಿದ್ದರೆ ತೊಂದರೆ ಮೋಟಾರಿನ ಎತ್ತರದಲ್ಲಿಲ್ಲ, ಒಳಗೆ ಗೇರ್ ಪಕ್ಕ ಕೂರುವ ತೆಳು ಬಳೆಗಳಲ್ಲಿ, ಅಂದರೆ ಶಿಮ್‌ಗಳಲ್ಲಿದೆ.

ಮೋಟಾರ್ ಸುಯ್ಯೆಂದು ಸರಾಗವಾಗಿ ತಿರುಗುತ್ತದೆ, ಆದರೆ ಪಿಸ್ಟನ್ ಬಡಿಯುವ ಸದ್ದೇ ಇಲ್ಲ ಅಂದರೆ ಪಿಸ್ಟನ್ ಹಲ್ಲು ಕಿತ್ತಿರಬಹುದು. ಅಥವಾ ಪಿನಿಯನ್ ಮೋಟಾರ್ ಶಾಫ್ಟ್ ಮೇಲೆ ಸುಮ್ನೆ ಜಾರುತ್ತಿರಬಹುದು. ಗುಂಡು ಹಾರಿದ ಮೇಲೆ ಗೇರ್ ಸರ್ರೆಂದು ಹಿಂದಕ್ಕೆ ತಿರುಗಿದ ಸದ್ದು ಬಂದರೆ ಆಂಟಿ ರಿವರ್ಸಲ್ ಲ್ಯಾಚ್ ಕೆಲಸ ಮಾಡುತ್ತಿಲ್ಲ. ಬೆವೆಲ್ ಗೇರ್ ಹಿಂದಕ್ಕೆ ತಿರುಗದಂತೆ ಹಿಡಿಯುವ ಸಣ್ಣ ಕೊಕ್ಕೆ ಅದು. ಅದರ ಸ್ಪ್ರಿಂಗ್ ಜಾರಿರುತ್ತದೆ ಅಥವಾ ತುದಿ ಸವೆದಿರುತ್ತದೆ.

ಟಕ್ ಎಂದು ನಿಂತುಬಿಟ್ಟರೆ ಹೀಗೆ ಮಾಡಿ. ಹಿಡಿಕೆ ಕಳಚಿ ಮೋಟಾರನ್ನು ಹೊರತೆಗೆಯಿರಿ. ಮೋಟಾರಿಗೆ ಮಾತ್ರ ವೈರ್ ಜೋಡಿಸಿ, ಕೈಯಲ್ಲಿ ಭದ್ರವಾಗಿ ಹಿಡಿದು ಒಂದು ಕ್ಷಣ ಟ್ರಿಗರ್ ಒತ್ತಿ. ಅದು ಸಲೀಸಾಗಿ ತಿರುಗಿದರೆ ವಿದ್ಯುತ್ ದಾರಿ ಸರಿಯಿದೆ, ತಡೆ ಗೇರ್‌ಬಾಕ್ಸ್ ಒಳಗಿದೆ. ತಿರುಗದಿದ್ದರೆ ಫ್ಯೂಸ್, ಕನೆಕ್ಟರ್, ಟ್ರಿಗರ್ ಕಾಂಟ್ಯಾಕ್ಟ್, ಮೋಟಾರ್ ಬ್ರಶ್ ಇವುಗಳನ್ನು ನೋಡಿ. ಗೇರ್‌ಬಾಕ್ಸ್ ಬಿಚ್ಚುವ ಕಷ್ಟ ತಪ್ಪಿತು.

ಸ್ಪ್ರಿಂಗ್ ಅರ್ಧ ಅದುಮಿಕೊಂಡೇ ಸಿಕ್ಕಿಬಿದ್ದಿದ್ದರೆ ಅದನ್ನು ಮೊದಲು ಬಿಡಿಸಬೇಕು. ಮೋಟಾರ್ ತೆಗೆದ ತೂತಿನಿಂದ ಸಣ್ಣ ಸ್ಕ್ರೂಡ್ರೈವರ್ ತುದಿಯಲ್ಲಿ ಆ ಲ್ಯಾಚ್ ಅನ್ನು ಸ್ವಲ್ಪ ಸರಿಸಿ. ಗೇರ್‌ಗಳು ಒಂದೇ ಸಲ ಹಿಂದಕ್ಕೆ ತಿರುಗಿ ಸ್ಪ್ರಿಂಗ್ ಸಡಿಲಾಗುತ್ತದೆ. ಬೆರಳು ಒಳಗೆ ಇಡಬೇಡಿ.

ಬಿಚ್ಚುವುದು

ಹಿಂದಿನಿಂದ ಸ್ಪ್ರಿಂಗ್ ತೆಗೆಯುವ ವ್ಯವಸ್ಥೆ ಇದ್ದರೆ ಮೊದಲು ಸ್ಪ್ರಿಂಗ್ ತೆಗೆಯಿರಿ, ಉಳಿದದ್ದು ಸುಲಭ. ಅದಿಲ್ಲದ ವರ್ಷನ್ 2ರಲ್ಲಿ ಹಿಂಬದಿಯ ತೂತಿನಿಂದ ಉದ್ದನೆಯ ಸ್ಕ್ರೂಡ್ರೈವರ್ ಅನ್ನು ಸ್ಪ್ರಿಂಗ್ ಗೈಡ್‌ನೊಳಗೆ ತೂರಿಸಿ. ಕವಚ ತೆರೆಯುವಾಗ ಸ್ಪ್ರಿಂಗ್ ಹಾರದಂತೆ ಅದು ಹಿಡಿದಿರುತ್ತದೆ. ದೊಡ್ಡ, ಪಾರದರ್ಶಕ ಪ್ಲಾಸ್ಟಿಕ್ ಚೀಲದ ಒಳಗೆ ಕೈಯಿಟ್ಟು ತೆರೆದರೆ ಇನ್ನೂ ಒಳ್ಳೆಯದು. ಟ್ಯಾಪೆಟ್ ಸ್ಪ್ರಿಂಗ್, ಟ್ರಿಗರ್ ಸ್ಪ್ರಿಂಗ್, ಲ್ಯಾಚ್‌ನ ಪುಟ್ಟ ಸ್ಪ್ರಿಂಗ್, ಈ ಮೂರು ನೆಲಕ್ಕೆ ಬಿದ್ದರೆ ಹುಡುಕುವುದು ಬಲು ಕಷ್ಟ.

ಮೇಲಿನ ಅರ್ಧ ಎತ್ತಿದ ಕೂಡಲೇ ಏನನ್ನೂ ಮುಟ್ಟದೆ ಫೋಟೋ ತೆಗೆದುಕೊಳ್ಳಿ. ಶಿಮ್‌ಗಳು ಗ್ರೀಸ್‌ಗೆ ಅಂಟಿ ಮೇಲಿನ ಕವಚದ ಜೊತೆಗೇ ಬಂದಿರುತ್ತವೆ. ಯಾವ ಗೇರಿನ ಯಾವ ಕಡೆ ಎಷ್ಟು ಶಿಮ್ ಇತ್ತು ಎಂದು ಒಂದು ಕಾಗದದಲ್ಲಿ ಗುರುತು ಹಾಕಿ.

ಈಗ ಗ್ರೀಸ್ ನೋಡಿ. ಬೆರಳಿಗೆ ಸ್ವಲ್ಪ ಹಚ್ಚಿಕೊಂಡು ಟಾರ್ಚ್ ಬೆಳಕಿನಲ್ಲಿ ಉಜ್ಜಿ. ಹೊಳೆಯುವ ಬೂದು ಪುಡಿ ಇದ್ದರೆ ಗೇರ್‌ಗಳು ಒಂದನ್ನೊಂದು ಸವೆಸುತ್ತಿವೆ. ಹಳದಿ ಮಿಂಚು ಇದ್ದರೆ ಗೇರಿನ ಅಚ್ಚು ಕೂರುವ ಹಿತ್ತಾಳೆಯ ಬುಶಿಂಗ್ ಅಥವಾ ನಾಜಲ್ ಸವೆಯುತ್ತಿರಬಹುದು. ಪ್ಲಾಸ್ಟಿಕ್ ಚೂರುಗಳಿದ್ದರೆ ಪಿಸ್ಟನ್ ಅಥವಾ ಟ್ಯಾಪೆಟ್ ಪ್ಲೇಟ್ ಕಡೆ ಕಣ್ಣು ಹಾಯಿಸಿ. ಒಂದು ತೊಟ್ಟು ಗ್ರೀಸ್ ಇಷ್ಟು ಹೇಳಬೇಕಾದರೆ ಅದನ್ನು ಒರೆಸುವ ಮುಂಚೆ ಓದದೆ ಬಿಡಬಾರದು.

ವರ್ಷನ್ 2 ಆಗಿದ್ದರೆ ಕವಚದ ಮುಂಭಾಗವನ್ನೂ ನೋಡಿ. ಸಿಲಿಂಡರ್ ಕಾಣುವ ಕಿಟಕಿಯ ಮುಂದಿನ ಮೂಲೆ ಇದರ ದುರ್ಬಲ ಜಾಗ. ಪಿಸ್ಟನ್ ಬಡಿತವೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಚೂಪಾದ ಮೂಲೆಯಲ್ಲಿ ಕೂದಲಿನಂಥ ಬಿರುಕು ಶುರುವಾಗುತ್ತದೆ. ಬಿರುಕು ಬಿಟ್ಟಿದ್ದರೆ ಕವಚ ಬದಲಾಯಿಸಿ, ಅಂಟಿಸುವ ಪ್ರಯತ್ನ ಬೇಡ. ಬಿಟ್ಟಿಲ್ಲದಿದ್ದರೆ ಸಣ್ಣ ದುಂಡು ಅರದಿಂದ ಆ ಮೂಲೆಯನ್ನು ಗುಂಡಗೆ ಮಾಡಿ. ಬಿರುಕು ಹುಟ್ಟುವುದು ತಡವಾಗುತ್ತದೆ.

ಪಿಸ್ಟನ್ ಹಲ್ಲು ಓದುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಹಲ್ಲು ಕಿತ್ತ ಪಿಸ್ಟನ್ ಎಸೆದು ಹೊಸದು ಹಾಕಿದರೆ ಅದೂ ಹಾಗೆಯೇ ಹೋಗುತ್ತದೆ, ಕಾರಣ ಉಳಿದೇ ಇರುತ್ತದಲ್ಲ. ಯಾವ ಹಲ್ಲು ಹೋಗಿದೆ ಎನ್ನುವುದೇ ಕಾರಣ ಹೇಳುತ್ತದೆ.

ಪಿಸ್ಟನ್ ಹೆಡ್‌ನಿಂದ ಅತಿ ದೂರದ ಹಲ್ಲು ಸೆಕ್ಟರ್ ಮೊದಲು ಹಿಡಿಯುವ ಹಲ್ಲು. ಅದೋ, ಅದರ ಪಕ್ಕದ್ದೋ ಮಾತ್ರ ಜಜ್ಜಿಹೋಗಿದ್ದರೆ ಸೆಕ್ಟರ್ ಗೇರ್ ಅದನ್ನು ಹಿಡಿಯುವ ಕೋನ ತಪ್ಪಿದೆ. ಆಟಗಾರರು ಈ ಕೋನವನ್ನು ಎಒಇ (ಆ್ಯಂಗಲ್ ಆಫ್ ಎಂಗೇಜ್‌ಮೆಂಟ್) ಎನ್ನುತ್ತಾರೆ. ಸೆಕ್ಟರಿನ ಮೊದಲ ಹಲ್ಲು ಪಿಸ್ಟನ್ ಹಲ್ಲಿಗೆ ಮೈಗೆ ಮೈ ತಾಗಿ ತಳ್ಳಬೇಕು. ಕೋನ ತಪ್ಪಿದಾಗ ಹಲ್ಲಿನ ತುದಿ ಬಂದು ಗುದ್ದುತ್ತದೆ. ಮೂಲ ಸ್ಪ್ರಿಂಗ್ ಇದ್ದಾಗ ಈ ತಪ್ಪು ಹೇಗೋ ನಡೆದುಹೋಗುತ್ತದೆ. ಎಂ120 ಹಾಕಿದ ಮೇಲೆ ನಡೆಯುವುದಿಲ್ಲ.

ಪರೀಕ್ಷೆ ಹೀಗೆ: ಕವಚದ ಒಂದು ಅರ್ಧದಲ್ಲಿ ಸಿಲಿಂಡರ್, ಸಿಲಿಂಡರ್ ಹೆಡ್, ಪಿಸ್ಟನ್ ಮತ್ತು ಸೆಕ್ಟರ್ ಗೇರ್ ಮಾತ್ರ ಇಡಿ. ಸ್ಪ್ರಿಂಗ್ ಬೇಡ. ಪಿಸ್ಟನ್ ಪೂರ್ತಿ ಮುಂದಿರಲಿ. ಸೆಕ್ಟರನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ, ಮೊದಲ ಹಲ್ಲು ತಾಗುವ ಕ್ಷಣದಲ್ಲಿ ನಿಲ್ಲಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಎರಡು ಮುಖಗಳ ನಡುವೆ ಬೆಳಕು ಮೇಲೆ ಕಾಣುತ್ತಿದೆಯೋ ಕೆಳಗೋ? ಎರಡೂ ಕಡೆ ಕಾಣದಿದ್ದರೆ ಕೋನ ಸರಿ. ಕೋನ ತಪ್ಪಿದ್ದರೆ ಪಿಸ್ಟನ್ ಶುರುವಾಗುವ ಜಾಗವನ್ನು ಕೊಂಚ ಹಿಂದೆ ಸರಿಸಬೇಕು. ಅದಕ್ಕೆ ಸಿಲಿಂಡರ್ ಹೆಡ್ ಮೇಲೆ ಸೋರ್ಬೋ ಎನ್ನುವ ದಪ್ಪ ಮೆತ್ತನೆಯ ರಬ್ಬರ್ ಪ್ಯಾಡ್ ಅಂಟಿಸುತ್ತಾರೆ. ಪಿಸ್ಟನ್ ಹೆಡ್‌ಗೂ ಪಿಸ್ಟನ್‌ಗೂ ನಡುವೆ ವಾಷರ್ ಹಾಕಿಯೂ ಮಾಡಬಹುದು. ನನಗೆ ಪ್ಯಾಡ್ ಇಷ್ಟ. ಕೋನವೂ ಸರಿಯಾಗುತ್ತದೆ, ಬಡಿತದ ಪೆಟ್ಟೂ ತಗ್ಗುತ್ತದೆ, ಕವಚ ಉಳಿಯುತ್ತದೆ.

ಪ್ಯಾಡ್ ಹಾಕಿದ ಮೇಲೆ ಎರಡು ವಿಷಯ ಮರೆಯಬೇಡಿ. ಸೆಕ್ಟರ್ ಹಲ್ಲು ಮೇಲೆ ಬರುವಾಗ ಪಿಸ್ಟನ್‌ನ ಎರಡನೆಯ ಹಲ್ಲಿಗೆ ಉಜ್ಜಬಾರದು. ಉಜ್ಜಿದರೆ ಆ ಹಲ್ಲನ್ನು ಅರದಿಂದ ತೆಗೆದುಬಿಡಿ. ಮತ್ತೆ, ಪಿಸ್ಟನ್ ಈಗ ಮೊದಲಿಗಿಂತ ಅಷ್ಟು ಹಿಂದಿನಿಂದ ಶುರುವಾಗುತ್ತದೆ. ಪೂರ್ತಿ ಹಿಂದೆ ಎಳೆದಾಗ ಅದು ಗೈಡ್‌ಗೆ ತಾಗಿ ನಿಲ್ಲುತ್ತದೋ, ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಒತ್ತಿ ಗಟ್ಟಿಯಾಗುತ್ತವೋ ನೋಡಿಕೊಳ್ಳಿ. ಹಾಗಾದರೆ ಗೇರ್ ಮುರಿಯುತ್ತದೆ.

ಇನ್ನೊಂದು ಬಗೆಯ ಪೆಟ್ಟು ಬೇರೆ. ಮೊದಲ ಹಲ್ಲು ಚೆನ್ನಾಗಿಯೇ ಇದೆ, ಆದರೆ ನಡುವಿನವು ಅಥವಾ ಪಿಸ್ಟನ್ ಹೆಡ್ ಹತ್ತಿರದವು ಕಿತ್ತಿವೆ. ಇದು ವೇಗದ ತೊಂದರೆ. ಪಿಸ್ಟನ್ ಇನ್ನೂ ಮುಂದೆ ಬಂದು ಮುಟ್ಟಿಲ್ಲ, ಅಷ್ಟರಲ್ಲಿ ಸೆಕ್ಟರ್ ಮುಂದಿನ ಸುತ್ತಿಗೆ ಬಂದು ದಾರಿಯಲ್ಲೇ ಅದನ್ನು ಹಿಡಿದುಬಿಡುತ್ತದೆ. ಪಿಸ್ಟನ್ ಹಿಂದೆಯೇ ಇರುವುದರಿಂದ ಸಿಗುವುದು ಮೊದಲ ಹಲ್ಲಲ್ಲ, ಹೆಡ್ ಕಡೆಯ ಹಲ್ಲುಗಳು. 13:1 ಗೇರ್, ವೇಗದ ಮೋಟಾರ್, 11.1 ವೋಲ್ಟ್ ಮೂರನ್ನೂ ಒಟ್ಟಿಗೆ ಹಾಕಿ ಎಂ90 ಅಥವಾ ಎಂ100 ಸ್ಪ್ರಿಂಗ್ ಬಿಟ್ಟವರಿಗೆ ಇದು ಹೆಚ್ಚು.

ನಿಮ್ಮ ರೈಫಲ್‌ನ ವೇಗ ಗೊತ್ತಿಲ್ಲದಿದ್ದರೆ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ, ಯಾವುದಾದರೂ ಆಡಿಯೊ ಆ್ಯಪ್‌ನಲ್ಲಿ ತೆರೆದು ಒಂದು ಸೆಕೆಂಡಿನಲ್ಲಿ ಎಷ್ಟು ಏರು ಗೆರೆಗಳಿವೆ ಎಣಿಸಿ. ಎಂ100 ಸ್ಪ್ರಿಂಗ್‌ನಲ್ಲಿ ಸೆಕೆಂಡಿಗೆ 25 ದಾಟುತ್ತಿದ್ದರೆ ನಾನಂತೂ ನೆಮ್ಮದಿಯಾಗಿ ಬಿಡುವುದಿಲ್ಲ. ಸುಲಭದ ಪರಿಹಾರ 7.4 ವೋಲ್ಟಿಗೆ ಮರಳುವುದು. ವೇಗ ಬೇಕೇ ಬೇಕು ಅಂದರೆ ಹಗುರ ಪಿಸ್ಟನ್, ಗಟ್ಟಿ ಸ್ಪ್ರಿಂಗ್, ಜೊತೆಗೆ ಸೆಕ್ಟರ್‌ನ ಎರಡು ಮೂರು ಹಲ್ಲು ಕತ್ತರಿಸಿ ಪಿಸ್ಟನ್ ಓಟವನ್ನು ಚಿಕ್ಕದು ಮಾಡುವುದು. ಕತ್ತರಿಸಿದ ಹಲ್ಲು ಮತ್ತೆ ಬರುವುದಿಲ್ಲ, ಲೆಕ್ಕ ಹಾಕಿಯೇ ಕೈ ಹಾಕಿ.

ಹಲ್ಲುಗಳು ಒಂದೇ ಪಕ್ಕಕ್ಕೆ ಸವೆದಿದ್ದರೆ ಸೆಕ್ಟರ್ ನಡುವೆ ಕೂತಿಲ್ಲ. ಅದು ಶಿಮ್ ವಿಷಯ.

ಶಿಮ್ ಹಾಕುವುದು

ಗೇರಿನ ಎರಡೂ ಕಡೆ ಕೂರುವ ತೆಳು ಬಳೆಗಳು ಇವು. 0.1, 0.15, 0.2, 0.3, 0.5 ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತವೆ. ಬಣ್ಣಬಣ್ಣದ ಹೊಸ ಗೇರ್ ಸೆಟ್ ತಂದು ಹಳೆಯ ಶಿಮ್‌ಗಳನ್ನೇ ಹಾಗೆಯೇ ಹಾಕಿದರೆ ಆ ಗೇರ್ ತಂದಿದ್ದು ದಂಡ. ಗೇರ್, ಬುಶಿಂಗ್, ಕವಚ ಇವುಗಳಲ್ಲಿ ಯಾವುದು ಬದಲಾದರೂ ಶಿಮ್ ಹೊಸದಾಗಿ ಹೊಂದಿಸಬೇಕು.

ಹಳೆ ಗ್ರೀಸ್ ಪೂರ್ತಿ ತೊಳೆಯಿರಿ. ಬುಶಿಂಗ್‌ಗಳು ಕವಚದಲ್ಲಿ ಗಟ್ಟಿಯಾಗಿ, ನೆಟ್ಟಗೆ ಕೂತಿವೆಯೇ ನೋಡಿ. ಗಟ್ಟಿ ಸ್ಪ್ರಿಂಗ್ ಇರುವ ರೈಫಲ್‌ಗೆ ಸ್ಟೀಲ್ ಬುಶಿಂಗ್ ಒಳ್ಳೆಯದು. ಬಾಲ್ ಬೇರಿಂಗ್ ಹಗುರವಾಗಿ ತಿರುಗುತ್ತದೆ ನಿಜ, ಆದರೆ ಭಾರಕ್ಕೆ ಒಡೆದರೆ ಅದರ ಗುಂಡುಗಳು ಗೇರ್ ನಡುವೆ ಬಿದ್ದು ಎಲ್ಲವನ್ನೂ ಹಾಳು ಮಾಡುತ್ತವೆ.

ನಾನು ಬೆವೆಲ್‌ನಿಂದ ಶುರು ಮಾಡುತ್ತೇನೆ. ಕೆಲವರು ಸ್ಪರ್ ಮೊದಲು ಎನ್ನುತ್ತಾರೆ. ಆದರೆ ಪಿನಿಯನ್ ಜೊತೆ ಬೆವೆಲ್ ಸರಿಯಾಗಿ ಕೂರದಿದ್ದರೆ ಮುಂದೆ ಎಷ್ಟು ಹೊಂದಿಸಿದರೂ ಸದ್ದು ಹೋಗುವುದಿಲ್ಲ. ಕವಚದ ಅರ್ಧಕ್ಕೆ ಹಿಡಿಕೆ, ಮೋಟಾರ್ ಸಿಕ್ಕಿಸಿ, ಬೆವೆಲ್ ಇಟ್ಟು, ಪಿನಿಯನ್ ಹಲ್ಲು ಬೆವೆಲ್ ಹಲ್ಲಿನ ಪೂರ್ತಿ ಅಗಲಕ್ಕೆ ತಾಗುವಷ್ಟು ಶಿಮ್ ಹಾಕಿ. ಬೆವೆಲನ್ನು ಅತ್ತಿತ್ತ ಅಲ್ಲಾಡಿಸಿದರೆ ಉಗುರಿನಷ್ಟೂ ಕಾಣದ, ಬೆರಳಿಗೆ ಮಾತ್ರ ಗೊತ್ತಾಗುವ ಸಡಿಲ ಇರಬೇಕು. ಆಮೇಲೆ ಸ್ಪರ್. ಅದು ಬೆವೆಲ್‌ನ ಮೈಗೆ ಉಜ್ಜಬಾರದು, ಹಲ್ಲು ಮಾತ್ರ ಪೂರ್ತಿ ಹಿಡಿಯಬೇಕು. ಕೊನೆಗೆ ಸೆಕ್ಟರ್. ಅದು ಸ್ಪರ್‌ಗೆ ಉಜ್ಜದೆ, ಪಿಸ್ಟನ್ ಹಲ್ಲಿನ ನಟ್ಟನಡುವೆ ಬರಬೇಕು.

ಪ್ರತಿ ಗೇರ್ ಮುಗಿದಾಗ ಕವಚ ಮುಚ್ಚಿ, ಸ್ಕ್ರೂಗಳನ್ನು ಪೂರ್ತಿ ಬಿಗಿದು ತಿರುಗಿಸಿ ನೋಡಿ. ಅರ್ಧ ಬಿಗಿದು ನೋಡಿದರೆ ಮೋಸ ಹೋಗುತ್ತೀರಿ. ಮೂರೂ ಕೂತ ಮೇಲೆ ಪಿಸ್ಟನ್, ಸ್ಪ್ರಿಂಗ್ ಇಲ್ಲದೆ ಬೆರಳಿನಿಂದ ಒಮ್ಮೆ ತಿರುಗಿಸಿಬಿಟ್ಟರೆ ಗೇರ್‌ಗಳು ಸ್ವಲ್ಪ ಹೊತ್ತು ತಾವೇ ತಿರುಗಿ, ಮೆತ್ತಗೆ ನಿಲ್ಲಬೇಕು. ಒಂದೇ ಜಾಗದಲ್ಲಿ ಗಕ್ಕನೆ ನಿಂತರೆ ಎಲ್ಲೋ ಉಜ್ಜುತ್ತಿದೆ. ಈ ಕೆಲಸಕ್ಕೆ ತಾಳ್ಮೆ ಬೇಕು. ಸದ್ದು, ಬಾಳಿಕೆ, ಬ್ಯಾಟರಿ ಎಲ್ಲವೂ ಇದರ ಮೇಲೆ ನಿಂತಿವೆ, ಬೇಗ ಮುಗಿಸುವ ಆಸೆ ಬೇಡ.

ಗುಂಡಿನ ವೇಗ ಕಡಿಮೆ ಬಂದರೆ

ಸ್ಪ್ರಿಂಗ್ ಮೇಲಿನ ಎಂ100 ಎಂಬ ಗುರುತು 0.20 ಗ್ರಾಂ ಗುಂಡಿಗೆ ಸುಮಾರು ಸೆಕೆಂಡಿಗೆ 100 ಮೀಟರ್ ಎಂದು ಸೂಚಿಸುತ್ತದೆ. ಆ ವೇಗಕ್ಕೆ ಶಕ್ತಿ 1 ಜೂಲ್. ಅದೇ 1 ಜೂಲ್‌ನಲ್ಲಿ 0.25 ಗ್ರಾಂ ಗುಂಡು ಸುಮಾರು 89 ಮೀಟರ್ ವೇಗ ತೋರಿಸುತ್ತದೆ. ಆದ್ದರಿಂದ ಗುಂಡಿನ ವೇಗ ತೋರಿಸುವ ಯಂತ್ರವಾದ ಕ್ರೋನೋಗ್ರಾಫ್‌ನಲ್ಲಿ ಅಳೆಯುವಾಗ ಗುಂಡಿನ ತೂಕ ಬದಲಾಗಿಲ್ಲ ತಾನೇ ಎಂದು ಮೊದಲು ನೋಡಿ. ಹಾಪ್-ಅಪ್ ಕೂಡ ಪೂರ್ತಿ ಸಡಿಲಿಸಿರಲಿ.

ಹತ್ತು ಗುಂಡು ಹೊಡೆದು ಬರೆದುಕೊಳ್ಳಿ. ಎಲ್ಲವೂ ಒಂದೇ ಮಟ್ಟದಲ್ಲಿ ಕಡಿಮೆ ಇದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಸಿಲಿಂಡರ್ ಮತ್ತು ಬ್ಯಾರೆಲ್ ಜೋಡಿ ಹೊಂದುತ್ತಿಲ್ಲ. ಒಮ್ಮೆ 95, ಇನ್ನೊಮ್ಮೆ 82 ಹೀಗೆ ಕುಣಿಯುತ್ತಿದ್ದರೆ ಗಾಳಿ ಸೋರುತ್ತಿದೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸೋರುವ ಗಾಳಿಗೆ ಗಟ್ಟಿ ಸ್ಪ್ರಿಂಗ್ ಮದ್ದಲ್ಲ. ಎಂ100 ಸಾಲಲಿಲ್ಲ ಎಂದು ಎಂ120 ಹಾಕಿದರೆ ಗಾಳಿ ಸೋರುವುದು ಹಾಗೆಯೇ ಇರುತ್ತದೆ, ಗೇರ್ ಮೇಲಿನ ಭಾರ ಮಾತ್ರ ಜಾಸ್ತಿಯಾಗುತ್ತದೆ.

ಸೋರಿಕೆ ಎಲ್ಲಿ ಎಂದು ಹಿಡಿಯುವುದು ಸುಲಭ. ಸಿಲಿಂಡರ್, ಹೆಡ್, ನಾಜಲ್, ಪಿಸ್ಟನ್ ಜೋಡಿಸಿ ಕೈಯಲ್ಲಿ ಹಿಡಿಯಿರಿ. ನಾಜಲ್ ತುದಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಪಿಸ್ಟನ್ ಒತ್ತಿ. ಅದು ಗಾಳಿಯ ಮೇಲೆ ಕೂತಂತೆ ಪುಟಿಯಬೇಕು. ಮೆಲ್ಲಗೆ ಇಳಿದರೆ ಸೋರಿಕೆ ಇದೆ. ಈಗ ನಾಜಲ್ ತೆಗೆದು ಸಿಲಿಂಡರ್ ಹೆಡ್‌ನ ಕೊಳವೆಯನ್ನೇ ಮುಚ್ಚಿ ಮತ್ತೆ ಒತ್ತಿ. ಈ ಸಲ ನಿಂತರೆ ತಪ್ಪು ನಾಜಲ್‌ನದು, ಒಳಗೆ ಓ-ರಿಂಗ್ ಇರುವ ನಾಜಲ್ ಹಾಕಿ. ಈಗಲೂ ಇಳಿದರೆ ಪಿಸ್ಟನ್ ಹೆಡ್ ಅಥವಾ ಸಿಲಿಂಡರ್ ಹೆಡ್. ಪಿಸ್ಟನ್ ಓ-ರಿಂಗ್ ಚಿಕ್ಕದಾಗಿದ್ದರೆ ಅದರ ಅಡಿಯ ತೋಡಿನಲ್ಲಿ ಟೆಫ್ಲಾನ್ ಟೇಪ್ ಒಂದೆರಡು ಸುತ್ತು ಸುತ್ತಿ. ಸಿಲಿಂಡರ್ ಹೆಡ್‌ಗೂ ಇದೇ ಉಪಾಯ. ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ. ಪೆಟ್ರೋಲಿಯಂ ಆಧಾರದ ಗ್ರೀಸ್‌ಗೆ ಹಲವು ಬಗೆಯ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಕೈಯಲ್ಲಿ ಎಲ್ಲ ಸರಿಯಿದ್ದೂ ಕ್ರೋನೋದಲ್ಲಿ ಕಡಿಮೆ ಬಂದರೆ ನಾಜಲ್ ಹಾಪ್-ಅಪ್ ರಬ್ಬರಿಗೆ ಮುಟ್ಟುತ್ತಿಲ್ಲ. ನಾಜಲ್ ಉದ್ದವನ್ನು ಕ್ಯಾಲಿಪರ್‌ನಿಂದ ಅಳೆದು ಮೂಲ ನಾಜಲ್ ಜೊತೆ ಹೋಲಿಸಿ. ಎಂ4ಗೆ ಸಿಗುವ ನಾಜಲ್‌ಗಳಲ್ಲಿಯೇ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದ ವ್ಯತ್ಯಾಸ ಇರುತ್ತದೆ, ಅಷ್ಟೇ ಸಾಕು ಕೆಡಿಸಲು.

ಸಿಲಿಂಡರ್ ವಿಷಯ ಚಿಕ್ಕದಾಗಿ: ಪಕ್ಕದಲ್ಲಿ ತೂತಿರುವ ಸಿಲಿಂಡರ್ ಚಿಕ್ಕ ಬ್ಯಾರೆಲ್‌ಗೆ, ತೂತಿಲ್ಲದ್ದು ಉದ್ದದ್ದಕ್ಕೆ. 363 ಮಿಲಿಮೀಟರ್ ಬ್ಯಾರೆಲ್ ತೆಗೆದು 509 ಹಾಕಿದ್ದರೆ ಸಿಲಿಂಡರ್ ಕೂಡ ಬದಲಾಗಬೇಕು.

ಗುಂಡು ಸರಿಯಾಗಿ ಮೇಲೆ ಬರದಿದ್ದರೆ

ಮೊದಲು ಬೇರೆ ಮ್ಯಾಗಜಿನ್. ಆಮೇಲೆ ಅದೇ ಮ್ಯಾಗಜಿನನ್ನು ಕೈಯಿಂದ ಮೇಲಕ್ಕೆ ಒತ್ತಿ ಹಿಡಿದು ಹೊಡೆಯಿರಿ. ಸರಿಹೋದರೆ ಮ್ಯಾಗಜಿನ್ ಕೂರುವ ಜಾಗ ಸಡಿಲವಾಗಿದೆ, ಗೇರ್‌ಬಾಕ್ಸ್‌ನದು ತಪ್ಪಿಲ್ಲ.

ಸೆಮಿಯಲ್ಲಿ ಪ್ರತಿ ಗುಂಡೂ ಬರುತ್ತದೆ, ಆಟೋದಲ್ಲಿ ಮಾತ್ರ ಖಾಲಿ ಹೊಡೆತಗಳು ಎಂದರೆ ನಾಜಲ್ ಹಿಂದೆ ಇರುವ ಹೊತ್ತು ಸಾಲುತ್ತಿಲ್ಲ. ಸೆಕ್ಟರ್ ಗೇರಿನ ಗೂಟಕ್ಕೆ ಡಿಲೇಯರ್ ಚಿಪ್ ಎಂಬ ಪುಟ್ಟ ತುಂಡು ಅಂಟಿಸಿದರೆ ಟ್ಯಾಪೆಟ್ ಪ್ಲೇಟ್ ಕೊಂಚ ಹೆಚ್ಚು ಹೊತ್ತು ಹಿಂದೆ ನಿಲ್ಲುತ್ತದೆ. ಚಿಪ್ ದೊಡ್ಡದಾದರೆ ನಾಜಲ್ ಮುಂದೆ ಹೋಗುವುದು ತಡವಾಗಿ ಗಾಳಿ ಸೋರುತ್ತದೆ, ಟ್ಯಾಪೆಟ್ ಪ್ಲೇಟ್‌ನ ರೆಕ್ಕೆಯೂ ಮುರಿಯಬಹುದು. ಎರಡರಲ್ಲೂ ಗುಂಡು ತಪ್ಪುತ್ತಿದ್ದರೆ ಟ್ಯಾಪೆಟ್ ಸ್ಪ್ರಿಂಗ್, ಆ ರೆಕ್ಕೆ, ಹಾಪ್-ಅಪ್ ಚೇಂಬರ್ ಗೇರ್‌ಬಾಕ್ಸ್‌ಗೆ ಒತ್ತಿ ಕೂತಿದೆಯೇ ಎಂಬುದನ್ನು ನೋಡಿ. ರೈಫಲ್ ಬಗ್ಗಿಸಿದಾಗ ಬ್ಯಾರೆಲ್‌ನಿಂದ ಗುಂಡು ಉರುಳಿ ಬಿದ್ದರೆ ಹಾಪ್-ಅಪ್ ರಬ್ಬರ್ ಸವೆದಿದೆ ಅಥವಾ ಹರಿದಿದೆ.

ಟ್ರಿಗರ್ ಮತ್ತು ವಿದ್ಯುತ್

11.1 ವೋಲ್ಟ್ ಹಾಕಿದ ಮೇಲೆ ಪ್ರತಿ ಸಲ ಟ್ರಿಗರ್ ಕಾಂಟ್ಯಾಕ್ಟ್‌ನಲ್ಲಿ ಕಿಡಿ ಹಾರುತ್ತದೆ. ದಿನ ಕಳೆದಂತೆ ತಾಮ್ರದ ಮೇಲೆ ಕಪ್ಪು ಪದರ ಕೂತು, ಒಮ್ಮೆ ಒತ್ತಿದರೆ ಓಡುವುದು, ಇನ್ನೊಮ್ಮೆ ಇಲ್ಲ ಎಂಬಂತಾಗುತ್ತದೆ. ನಯವಾದ ಉಜ್ಜುಕಾಗದದಿಂದ ಉಜ್ಜಿದರೆ ಸದ್ಯಕ್ಕೆ ಸರಿ. ಶಾಶ್ವತ ಪರಿಹಾರ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್. ಅದು ಬಂದ ಮೇಲೆ ಮೋಟಾರಿನ ದೊಡ್ಡ ಕರೆಂಟ್ ಕಾಂಟ್ಯಾಕ್ಟ್ ಮೂಲಕ ಹೋಗುವುದೇ ಇಲ್ಲ. ಗ್ರೀಸ್ ಇಲ್ಲಿಗೆ ಬರಬಾರದು.

ಸೆಮಿಯಲ್ಲಿ ಎರಡು ಗುಂಡು ಹೋಗುತ್ತಿದ್ದರೆ ಗೇರ್ ನಿಲ್ಲದೆ ಮುಂದೆ ಓಡುತ್ತಿದೆ. ಆ್ಯಕ್ಟಿವ್ ಬ್ರೇಕ್ ಇರುವ ಮಾಸ್‌ಫೆಟ್ ಅದನ್ನು ಹಿಡಿದು ನಿಲ್ಲಿಸುತ್ತದೆ, ಆದರೆ ಮೋಟಾರ್ ಮತ್ತು ಬ್ರಶ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತವೆ. ಸೆಮಿಯಲ್ಲಿ ಟ್ರಿಗರ್ ಸತ್ತಂತಾಗಿ, ಆಟೋಗೆ ಹಾಕಿ ಒಂದು ಹೊಡೆತ ಹೊಡೆದ ಮೇಲೆ ಮತ್ತೆ ಬದುಕಿದರೆ ಸುತ್ತು ಅರ್ಧಕ್ಕೇ ನಿಂತಿದೆ ಎಂದರ್ಥ. ಬ್ಯಾಟರಿ ಸೋತಿರುವುದೇ ಇದಕ್ಕೆ ಮುಖ್ಯ ಕಾರಣ. ಆಮೇಲೆ ಕಟ್-ಆಫ್ ಲಿವರ್ ಸವೆದಿದೆಯೇ ನೋಡಿ.

ಮುಚ್ಚಿ ಪರೀಕ್ಷಿಸುವುದು

ಗೇರ್ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಮುದ್ದೆ ಮುದ್ದೆಯಾಗಿ ಬೇಡ. ಮುಚ್ಚಿದ ಮೇಲೆ ಟ್ರಿಗರ್ ಚಿಮ್ಮಿ ಮರಳುತ್ತದೆಯೇ, ನಾಜಲನ್ನು ಬೆರಳಿನಿಂದ ಹಿಂದಕ್ಕೆ ಒತ್ತಿ ಬಿಟ್ಟರೆ ಪಟ್ಟನೆ ಮುಂದೆ ಬರುತ್ತದೆಯೇ ನೋಡಿ. ಈ ಎರಡು ಸರಿಯಿಲ್ಲದಿದ್ದರೆ ಮತ್ತೆ ತೆರೆಯಲೇಬೇಕು, ಬಲವಂತ ಮಾಡಬೇಡಿ.

ಮೊದಲ ಓಟ 7.4 ವೋಲ್ಟ್‌ನಲ್ಲೇ ಇರಲಿ, 11.1ಕ್ಕೆ ತಕ್ಷಣ ಹೋಗಬೇಡಿ. ಸೆಮಿಯಲ್ಲಿ ಕೆಲವು ಹೊಡೆತ, ಮೋಟಾರ್ ಎತ್ತರ ಹೊಂದಾಣಿಕೆ, ಆಮೇಲೆ ಮ್ಯಾಗಜಿನ್ ಹಾಕಿ ಚಿಕ್ಕ ಬರ್ಸ್ಟ್. ಗುಂಡಿಲ್ಲದೆ ಉದ್ದುದ್ದ ಆಟೋ ಹೊಡೆಯಬೇಡಿ. ಮುಂದೆ ಗುಂಡಿನ ತಡೆ ಇಲ್ಲದಿದ್ದರೆ ಪಿಸ್ಟನ್ ಇನ್ನೂ ಜೋರಾಗಿ ಬಡಿಯುತ್ತದೆ. ಹಿಡಿಕೆ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಹಿಡಿಯಲಾಗದಷ್ಟು ಸುಟ್ಟರೆ ಶಿಮ್ ಕಡೆಗೆ ವಾಪಸ್ ಹೋಗಿ.

ಅಪ್‌ಗ್ರೇಡ್‌ಗಳನ್ನು ಒಂದೊಂದಾಗಿಯೇ ಹಾಕಿ, ಪ್ರತಿ ಸಲ ಕ್ರೋನೋ ವೇಗ, ಸೆಕೆಂಡಿಗೆ ಎಷ್ಟು ಗುಂಡು, ಬ್ಯಾಟರಿ ಯಾವುದು ಎಂದು ಬರೆದಿಡಿ. ಮೂರು ಭಾಗ ಒಟ್ಟಿಗೆ ಬದಲಾಯಿಸಿದ ಮೇಲೆ ಬಂದ ದೋಷಕ್ಕೆ ಕಾರಣ ಹುಡುಕುವುದು ಬಹಳ ಕಷ್ಟ. ಆಡುವ ಜಾಗದ ಶಕ್ತಿಯ ಮಿತಿ ದಾಟಿದರೆ ಸ್ಪ್ರಿಂಗ್ ಇಳಿಸಿ. ಸೋರಿಕೆ ಸರಿಪಡಿಸಿದ ಮೇಲೆ ವೇಗ ಒಮ್ಮೆಲೇ ಏರುವುದರಿಂದ ಇದನ್ನು ಅಳೆಯದೆ ಯಾರ ಎದುರೂ ಹೊಡೆಯಬೇಡಿ.

ಕೆಲವು ಮ್ಯಾಗಜಿನ್ ಓಡಿದ ಮೇಲೆ ಇನ್ನೊಮ್ಮೆ ತೆರೆದು ಪಿಸ್ಟನ್‌ನ ಮೊದಲ ಹಲ್ಲನ್ನು ಟಾರ್ಚ್‌ನಲ್ಲಿ ನೋಡಿ. ಮುಖದ ಮೇಲೆ ಒಂದೇ ಸಮನಾದ ಹೊಳಪು ಬಂದಿದ್ದರೆ ಕೋನ ಸರಿಯಾಗಿದೆ. ಹೊಸ ಪಿನಿಯನ್ ಮತ್ತು ಬೆವೆಲ್ ಇಷ್ಟರಲ್ಲಿ ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಸದ್ದು ಸ್ವಲ್ಪ ಬದಲಾಗಿರುತ್ತದೆ. ಮುಚ್ಚುವಾಗ ಮೋಟಾರ್ ಎತ್ತರವನ್ನು ಮತ್ತೊಮ್ಮೆ ಕಾಲು ಸುತ್ತು ಅತ್ತಿತ್ತ ಮಾಡಿ ಹೊಂದಿಸಿಕೊಳ್ಳಿ.